ಶಾಲಿಲ್ಲದ ಸಮಾರಂಭ

ಸುರಪುರದ ನಮ್ಮ ಕಲಾ ಸಂಘದ ಚಿತ್ರಪ್ರದರ್ಶನಕ್ಕೆ ನಾನು ಅಧ್ಯಕ್ಷೆ. ಈ ಸಲ ಶಾಲು, ಹಾರ, ಸನ್ಮಾನ ಯಾವುದೂ ಬೇಡ, ಜನ ಬಂದು ಚಿತ್ರ ನೋಡಲಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ನಾನು ಕಾನ್ವೆಂಟಿನಲ್ಲಿ ಕಲಿತ ಶಿಸ್ತು ಅಂಥದು. ಹೇಳಿದ ಹೊತ್ತಿಗೆ ದೀಪ ಹಚ್ಚಿದಾಗ ಸಭಾಂಗಣದಲ್ಲಿ ಇದ್ದವರು ನಾನು ಮತ್ತು ಮೊದಲ ಸಲ ಚಿತ್ರ ಇಟ್ಟಿದ್ದ ಶರಣಮ್ಮ.

"ಜನ ಎಲ್ಲಿ?" ಎಂದೆ.

"ಶಾಲು ಇಲ್ಲಂದ್ರ ಯಾರ್ ಬರ್ತಾರ್ರಿ ಮೇಡಂ? ನಮ್ಮತ್ತಿನೂ ಬರಂಗಿಲ್ಲ ಅಂದಾರ್ರಿ. ಅವರು ನೋಡಿ ಹೂಂ ಅನ್ನಲಿಲ್ಲಂದ್ರ ನಾ ಮತ್ತ ಕುಂಚ ಮುಟ್ಟಾಂಗಿಲ್ಲ."

ಪೇಟೆಯಿಂದ ಶಾಲು ತರಿಸಿದೆ. ಸುದ್ದಿ ಹೇಗೆ ಹಬ್ಬಿತೋ, ಕುರ್ಚಿ ಸಾಲಲಿಲ್ಲ. ಶರಣಮ್ಮನ ಅತ್ತೆ ಶಾಲು ಹೊದ್ದುಕೊಂಡು ಸೊಸೆಯ ಚಿತ್ರದ ಮುಂದೆ ನಿಂತು, "ನಮ್ಮ ಸೊಸಿ ಮಾಡ್ಯಾಳ, ಸರಿಯಾಗಿ ನೋಡ್ರಿ!" ಎಂದು ಬಂದವರನ್ನೆಲ್ಲ ತಡೆದು ನಿಲ್ಲಿಸಿದರು.

ಕೊನೆಗೆ ನನಗೂ ಒಂದು ಶಾಲು ಹೊದಿಸಿದರು. ಬಟ್ಟೆ ಚೆನ್ನಾಗಿತ್ತು. ಮಡಿಕೆ ಮಾತ್ರ ಸೊಟ್ಟಗಿತ್ತು.