ದೊರೆಸಾನಿ ನುಂಗಿದ ದಾರ

ಟೈಲರಮ್ಮನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಂತವರಿಗೆ, "ಉಸಿರು ಬಿಡಿ ತಾಯಿ, ಬಟ್ಟೆ ಹಾಕ್ಕೊಂಡ ಮೇಲೂ ಉಸಿರಾಡ್ಬೇಕಲ್ವಾ?" ಎಂದು ಗದರಿಸುವ ಹೆಂಗಸು. ಅವಳನ್ನೂ ಮೀರಿಸಿದವರು ಮನೆಯಲ್ಲೊಬ್ಬರಿದ್ದರು, ಅವಳ ಅತ್ತೆ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಅತ್ತೆಯ ಪ್ರಾಣವೆಲ್ಲ ಹಿತ್ತಲಿನ ಕಂದು ಕೋಳಿಯ ಮೇಲೆ. ಅದರ ನಡಿಗೆಯ ಗತ್ತು ನೋಡಿ ದೊರೆಸಾನಿ ಎಂದು ಹೆಸರಿಟ್ಟವರೂ ಅವರೇ.

ಮಗಳ ಬಾಣಂತನಕ್ಕೆ ಹೊರಟಾಗ ಅತ್ತೆ ಸೊಸೆಗೆ ಹೇಳಿದ್ದು ಒಂದೇ ಮಾತು: "ನನ್ನ ದೊರೆಸಾನಿಗೆ ಏನಾದ್ರೂ ಆಯ್ತೋ, ಈ ಮನೆ ಮೆಟ್ಟಿಲು ಹತ್ತಲ್ಲ. ಮಗಳ ಮನೇಲೇ ಇದ್ಬಿಡ್ತೀನಿ."

ಬೇರೆ ಸೊಸೆಯಾಗಿದ್ದರೆ ಕೋಳಿಗೆ ಅವತ್ತೇ ಗ್ರಹಚಾರ ಕಾದಿರುತ್ತಿತ್ತು, ಬಿಡಿ! ಇವಳು ಹಾಗಲ್ಲ. ಗೂಡಿನ ನೆಲ ತಣ್ಣಗಿದೆ ಎಂದು, ಕತ್ತರಿಸಿ ಉಳಿದ ಬಟ್ಟೆ ಚೂರುಗಳನ್ನೆಲ್ಲ ತಂದು ಮೆತ್ತಗೆ ಹಾಸಿದಳು. ಹೊಲಿಗೆಯವಳ ಪ್ರೀತಿ ಇನ್ನು ಹೇಗಿರುತ್ತದೆ? ಎಡವಟ್ಟಾಗಿದ್ದೂ ಅಲ್ಲೇ.

ಒಂದು ಬೆಳಿಗ್ಗೆ ದೊರೆಸಾನಿ ಗರಿ ಉಬ್ಬಿಸಿಕೊಂಡು ಮೂಲೆ ಹಿಡಿದಿತ್ತು. ಕಾಳು ಚೆಲ್ಲಿದರೂ ಕತ್ತು ತಿರುಗಿಸಲಿಲ್ಲ. ಎತ್ತಿಕೊಂಡು ಕೊರಳ ಬುಡ ಮುಟ್ಟಿದರೆ, ತಿಂದ ಕಾಳು ಸೇರುವ ಚೀಲ ಕಲ್ಲಿನಂತೆ ಗಟ್ಟಿ. ಕೊಕ್ಕು ಬಿಡಿಸಿ ನೋಡಿದಳು. ನಾಲಿಗೆಯ ಬುಡದಲ್ಲಿ ನೀಲಿ ದಾರ ಕಾಣುತ್ತಿತ್ತು. ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದ ಅದೇ ದಾರ.

ಗಂಡ ಹಲ್ಲುಜ್ಜುತ್ತ ಬಂದ. "ಎಳೆದು ತೆಗಿ, ಬರುತ್ತೆ."

"ಮುಟ್ಟೀರಾ ಜೋಕೆ! ಸಿಕ್ಕಿಕೊಂಡ ದಾರ ಎಳೆದ್ರೆ ಬಟ್ಟೇನೇ ಹರಿಯುತ್ತೆ. ಇದು ಜೀವ ರೀ."

"ಹಾಗಾದ್ರೆ ಕುಯ್ದು ಅಡುಗೆ ಮಾಡ್ಬಿಡು. ಇಂಥದ್ದೇ ಇನ್ನೊಂದು ಕೋಳಿ ತಂದು ಬಿಡ್ತೀನಿ. ಅಮ್ಮನಿಗೆ ಕಣ್ಣು ಮಂಜು, ಗೊತ್ತೇ ಆಗಲ್ಲ."

ಅವಳು ನೋಡಿದ ನೋಟಕ್ಕೆ ಅವನ ಬಾಯಲ್ಲಿದ್ದ ಬ್ರಷ್ ಅಲ್ಲೇ ನಿಂತಿತು.

ಕೋಳಿಯನ್ನು ಬಟ್ಟೆ ಚೀಲದಲ್ಲಿ ಕೂರಿಸಿಕೊಂಡು, ತಲೆ ಮಾತ್ರ ಹೊರಗಿಟ್ಟು, ದನದ ಡಾಕ್ಟರ ಬಳಿಗೆ ನಡೆದಳು. ಎಮ್ಮೆ, ನಾಯಿ ಹಿಡಿದು ಸಾಲಲ್ಲಿ ನಿಂತವರು ಇವಳನ್ನು ನೋಡಿ ಕಿಸಕ್ಕೆಂದರು. ನಗಲಿ ಬಿಡಿ, ನಗೋರಿಗೇನು ಕೆಲಸ! ಡಾಕ್ಟರು ಕೊರಳ ಬುಡ ಮರಗಟ್ಟಲು ಸೂಜಿ ಚುಚ್ಚಿ, ಸಣ್ಣಗೆ ಕುಯ್ದು, ದಾರ ಬಟ್ಟೆ ಕಾಳು ಸೇರಿ ಆಗಿದ್ದ ಉಂಡೆಯನ್ನು ಹೊರತೆಗೆದು ಹೊಲಿದರು. ಅಷ್ಟು ಹೊತ್ತೂ ಕೋಳಿಯನ್ನು ಅಲುಗದಂತೆ ಹಿಡಿದಿದ್ದವಳು ಇವಳೇ. ದಿನವಿಡೀ ಕತ್ತರಿ ಆಡಿಸುವ ಹೆಂಗಸು ಮುಖ ಆಚೆ ತಿರುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಹಿಡಿತ ಮಾತ್ರ ಸಡಿಲಿಸಲಿಲ್ಲ.

"ಇನ್ನು ಇದು ಬದುಕೋದು ಬಿಡೋದು ಆರೈಕೆ ಮೇಲಿದೆ" ಎಂದರು ಡಾಕ್ಟರು.

ಅಬ್ಬಾ, ಆ ಆರೈಕೆ ನೋಡಬೇಕಿತ್ತು! ಹೊಲಿಗೆ ಮಷಿನ್ ಪಕ್ಕದಲ್ಲೇ ಬುಟ್ಟಿ. ನುಣ್ಣಗೆ ಕಿವುಚಿದ ಅನ್ನವನ್ನು ಚಮಚದ ತುದಿಯಲ್ಲಿ ತಿನ್ನಿಸಬೇಕು, ಗಾಯಕ್ಕೆ ಮುಲಾಮು ಹಚ್ಚಬೇಕು, ಒಂದೆಳೆ ದಾರವೂ ಬೀಳದಂತೆ ನೆಲ ಗುಡಿಸುತ್ತಲೇ ಇರಬೇಕು. ಯೂನಿಫಾರ್ಮ್ ಕೇಳಿಕೊಂಡು ಬಂದವರಿಗೆ, "ಮೆಲ್ಲಗೆ ಮಾತಾಡಿ, ಒಳಗೆ ಪೇಷೆಂಟ್ ಇದ್ದಾರೆ" ಎನ್ನುತ್ತಿದ್ದಳು. ದೊರೆಸಾನಿ ತಾನಾಗಿಯೇ ಒಂದು ಕಾಳು ಕುಕ್ಕಿದ ದಿನ, ಅಳತೆ ಕೊಡಲು ಕೈ ಎತ್ತಿ ನಿಂತಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಪಕ್ಕದ ಮನೆಗೆ ಓಡಿದ್ದಳು, ಸುದ್ದಿ ಹೇಳಲು.

ಅತ್ತೆ ಬಂದಾಗ ಗಂಡ ಪಿಸುಗುಟ್ಟಿದ: "ಸುಮ್ನಿದ್ಬಿಡು. ಗರಿ ಮುಚ್ಕೊಂಡಿದೆ, ಕಾಣಲ್ಲ."

ಟೈಲರಮ್ಮ ಕೋಳಿಯನ್ನು ಎತ್ತಿಕೊಂಡು ಬಾಗಿಲಿಗೇ ಹೋದಳು. ಗರಿ ಸರಿಸಿ ಹೊಲಿಗೆ ತೋರಿಸಿದಳು. "ತಪ್ಪು ನಂದೇ ಅತ್ತೆ. ಬಟ್ಟೆ ಚೂರು ಹಾಸಿದ್ದು ನಾನು, ಇದು ದಾರ ನುಂಗಿ ಸಾಯೋ ಹಾಗಾಗಿತ್ತು. ಎಷ್ಟು ಬೇಕಾದ್ರೂ ಬೈಯಿರಿ, ಆದ್ರೆ ಒಳಗೆ ಬಂದು ಬೈಯಿರಿ."

ಅತ್ತೆ ಗಾಯದ ಮೇಲೆ ಬೆರಳಾಡಿಸಿದರು. ದೊರೆಸಾನಿ ಆ ಕೈಯಿಂದ ನುಸುಳಿಕೊಂಡು ಸೊಸೆಯ ಕಂಕುಳಿಗೆ ಮುಖ ತೂರಿಸಿತು. ಈಗ ಸಿಡಿಲು ಬಡಿಯುತ್ತದೆ ಎಂದು ಮಗ ಎರಡು ಹೆಜ್ಜೆ ಹಿಂದೆ ಸರಿದ.

"ಅಲ್ಲೇ ಇದ್ಬಿಡು ಅಂತ ಮಗಳೂ ಅಂದ್ಲು ಕಣೇ," ಎಂದರು ಅತ್ತೆ. ದನಿ ಸಣ್ಣದಾಗಿತ್ತು. "ನಾಳೆ ನಾನು ಹಾಸಿಗೆ ಹಿಡಿದ್ರೆ ಈ ಮನೇಲಿ ಯಾರು ನೋಡ್ಕೋತಾರೆ ಅಂತ ನಂಗೂ ಭಯ ಇತ್ತು. ನಿನ್ನ ಕೇಳೋಕೆ ಬಾಯಿ ಬರ್ತಿರಲಿಲ್ಲ. ಇದನ್ನ ನೋಡಿದ ಮೇಲೆ ಇನ್ನು ಕೇಳೋದೇನು ಬಂತು ಬಿಡು."

ಟೈಲರಮ್ಮ ಕೋಳಿಯನ್ನು ಕಂಕುಳಲ್ಲೇ ಅವುಚಿಕೊಂಡು, ಅತ್ತೆಯ ಕೈಯಲ್ಲಿದ್ದ ಚೀಲ ತೆಗೆದುಕೊಂಡು ಒಳಗೆ ನಡೆದಳು.