ಮಿಲಿಟ್ರಿ ಅಜ್ಜ ಹಾಕಿದ ಹೆಳಲು

ನಾನು ಚಿಕ್ಕವಳಿದ್ದಾಗ ನನ್ನ ತಲೆಗೂದಲಲ್ಲಿ ಯಾವಾಗ ನೋಡಿದರೂ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಅಪ್ಪ ಪಿಂಜಾರ. ಗಜೇಂದ್ರಗಡದ ಗುಡ್ಡದ ಕೆಳಗಿನ ಓಣಿಯಲ್ಲಿ ನಮ್ಮ ಮನೆ. ನರಗುಂದದ ಕಡೆಯಿಂದ ಹತ್ತಿ ತಂದು, ಉದ್ದನೆಯ ಬಿಲ್ಲಿನ ತಂತಿ ಮೀಟಿ ಅದನ್ನು ಹಿಂಜಿ, ಗಾದಿ ಹೊಲಿದು ಕೊಡುತ್ತಿದ್ದ. ಬಿಲ್ಲಿನ ಟುಂಯ್ ಟುಂಯ್ ಸದ್ದಿಗೆ ಹತ್ತಿ ಬುಗ್ಗೆಯಾಗಿ ಏಳುತ್ತಿತ್ತು. ರೊಟ್ಟಿಯ ಮೇಲೂ ಎಳೆ, ನೀರಿನ ಕೊಡದಲ್ಲೂ ಎಳೆ. ಹಗಲೆಲ್ಲ ಮನೆಗೆ ಹತ್ತಿಕಾಳಿನ ಎಣ್ಣೆಯಂಥ ಒಂದು ಬೆಚ್ಚನೆಯ ವಾಸನೆ.

ಮಕ್ಕಳೇ, ನೀವೆಲ್ಲ ಮಿಲಿಟ್ರಿ ಅಜ್ಜ ಎಂದು ಕರೆಯುತ್ತಿದ್ದಿರಲ್ಲ, ಅವನು ನನ್ನ ಅಣ್ಣ. ನಮ್ಮಿಬ್ಬರ ನಡುವೆ ವಯಸ್ಸಿನ ಅಂತರ ಬಹಳ. ನಾನು ಸಾಲಿಗೆ ಹೋಗುವ ಹೊತ್ತಿಗೆ ಅವನಿಗೆ ಮೀಸೆ ಬಂದಿತ್ತು. ಅಪ್ಪನ ಬಿಲ್ಲನ್ನು ಅಪ್ಪನಿಗಿಂತ ಚೆನ್ನಾಗಿ ಮೀಟುತ್ತಿದ್ದ. ಒಂದು ದಿನ ಗದಗಿಗೆ ಹೋದವನು ಪಲ್ಟನ್ನಿಗೆ ಭರ್ತಿಯಾಗಿ ಬಂದ. ಅಪ್ಪ ಆ ದಿನ ಉಣ್ಣಲಿಲ್ಲ. ಅಣ್ಣ ಹೊರಟ ಮೇಲೆ ಅವನಿಗೆಂದು ಒಂದು ಗಾದಿ ಹೊಲಿಯಲು ಕೂತ. ಯಾರೋ ಅವನಿಗೆ ಹೇಳಿದ್ದರು, ಗಡಿಯಲ್ಲಿ ನೆಲವೆಲ್ಲ ಹಿಮ ಎಂದು.

ಆಮೇಲೆ ಚೀನಾದ ಜೊತೆ ಯುದ್ಧವಾಯಿತು. ಒಂದು ಮಧ್ಯಾಹ್ನ ತಂತಿ ಬಂತು. ಮಾಸ್ತರರು ಓದಿ ಹೇಳಿದರು: ಅಣ್ಣ ಕಾಣೆಯಾಗಿದ್ದಾನೆ. ಅಷ್ಟೇ. ಓಣಿಯ ಹೆಂಗಸರು ಬಂದು ಅತ್ತರು. ಹಿರಿಯರೊಬ್ಬರು ಅಪ್ಪನಿಗೆ, "ಹುಡುಗನ ಹೆಸರಿಲೆ ಫಾತೆ ಓದಿಸಿಬಿಡ್ರಿ. ಎಷ್ಟ್ ದಿನ ಅಂತ ಹಿಂಗ ಇರ್ತೀರಿ?" ಎಂದರು. ಫಾತೆ ಎಂದರೆ ಸತ್ತವರ ಹೆಸರಿನಲ್ಲಿ ಓದಿಸುವ ಪ್ರಾರ್ಥನೆ.

ಅಪ್ಪ ತಲೆ ತಗ್ಗಿಸಿದ. ಒಳಗಿನಿಂದ ಅವ್ವ ಬಂದಳು. ಹಿರಿಯರ ಮುಂದೆ ಅವಳು ಬಾಯಿ ತೆರೆದಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. "ಕಾಣವಲ್ಲ ಅಂತ ಬರದಾರ್ರಿ. ಸತ್ತಾನ ಅಂತ ಬರದಿಲ್ಲ. ನಾ ಏನೂ ಓದಸೂದಿಲ್ಲ" ಎಂದಳು.

ಚಳಿಗಾಲ ಹೋಯಿತು. ಹೊಲಗಳಲ್ಲಿ ಹತ್ತಿ ಬಿಡಿಸಿ ಮುಗಿಯಿತು. ಊರಿನವರು ಅಣ್ಣನ ಮಾತು ಬಂದಾಗ 'ಇದ್ದ' ಎಂದೇ ಹೇಳತೊಡಗಿದರು. ಅವ್ವನಿಗೆ ಮಾತ್ರ ಅವನು 'ಅದಾನ'.

ಬಿಸಿಲು ಚುರುಗುಟ್ಟುವ ಒಂದು ದಿನ ನಾನು ಬಾಗಿಲಲ್ಲಿ ಕೂತು ಹುಣಸೆ ಬೀಜ ಆಡುತ್ತಿದ್ದೆ. ಒಳಗೆ ಅಪ್ಪನ ಬಿಲ್ಲು ಸದ್ದು ಮಾಡುತ್ತಿತ್ತು. ರೋಣದ ಬಸ್ಸು ಬಂದು ಹೋದ ಧೂಳು ಇನ್ನೂ ಓಣಿಯಲ್ಲಿತ್ತು. ಆ ಧೂಳಿನಲ್ಲಿ ಒಬ್ಬ ಮನುಷ್ಯ ನಡೆದು ಬಂದು ನಮ್ಮ ಮನೆಯ ಮುಂದೆ ನಿಂತ. ಎಲುಬು ಕಾಣುವ ಮುಖ, ಗಡ್ಡ, ಆ ಬಿಸಿಲಲ್ಲೂ ಮೈಮೇಲೆ ದಪ್ಪ ಕೋಟು. ಬಲಗೈಗೆ ಬಟ್ಟೆ ಸುತ್ತಿದ್ದ. ನಾನು ಒಳಗೆ ಮುಖ ಹಾಕಿ ಕೂಗಿದೆ, "ಅಪ್ಪಾ, ಯಾರೋ ಬಂದಾರ. ಗಾದಿ ಬೇಕಂತ ಕಾಣ್ತೈತಿ."

ಆ ಮನುಷ್ಯ ಮೆಲ್ಲಗೆ ಹೇಳಿದ, "ಹೌದವ್ವಾ, ಬೇಕು. ಗಾದಿ ಮ್ಯಾಲ ಮಲಗಿ ಭಾಳ ದಿನಾತು."

ಒಳಗೆ ಬಿಲ್ಲಿನ ಸದ್ದು ನಿಂತಿತು. ಅಪ್ಪ ಹೊರಗೆ ಓಡಿ ಬಂದ. ಮೀಸೆ, ಹುಬ್ಬು, ತಲೆ ಎಲ್ಲ ಬಿಳಿ ಹತ್ತಿ. ಅಣ್ಣನನ್ನು ಅಪ್ಪಿಕೊಂಡಾಗ ಆ ಹತ್ತಿಯೆಲ್ಲ ಕೋಟಿಗೆ ಮೆತ್ತಿತು. ಅವ್ವ ಹಿಟ್ಟು ಹತ್ತಿದ ಕೈಯಲ್ಲೇ ಬಂದು ಮಗನ ಮುಖ ಮುಟ್ಟಿ ಮುಟ್ಟಿ ನೋಡಿದಳು. ಅಣ್ಣ ಅಷ್ಟು ದಿನವೂ ವೈರಿಗಳ ಸೆರೆಯಲ್ಲಿದ್ದನಂತೆ.

ಕೈಯ ಬಟ್ಟೆ ಬಿಚ್ಚಿದಾಗ ನಾನು ಹತ್ತಿರವೇ ಇದ್ದೆ. ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಪೂರ್ತಿ ಇದ್ದವು. ಉಳಿದ ಮೂರು ಮೊದಲ ಗೆಣ್ಣಿಗೇ ಮುಗಿದುಹೋಗಿದ್ದವು. ಹಿಮ ಅವನ್ನು ತಿಂದಿತ್ತು. ನಾನು ಕೇಳಿಬಿಟ್ಟೆ, "ಅಣ್ಣಾ, ಬೆರಳು ಎಲ್ಲಿ ಬಿಟ್ಟು ಬಂದಿ?"

"ಬರ್ಫದಾಗ ಬಿಟ್ಟೇನಿ" ಎಂದು ಅವನು ನಕ್ಕ. "ಮತ್ತ ಹೋದಾಗ ತರ್ತೀನಿ." ಆಗ ಅವ್ವ ಅತ್ತಳು. ತಂತಿ ಬಂದ ದಿನವೂ ಅಳದಿದ್ದವಳು ಕಂಬಕ್ಕೆ ಹಣೆ ಚಚ್ಚಿಕೊಂಡು ಅತ್ತಳು.

ಆ ಕೈಯಿಂದ ಇನ್ನು ಬಿಲ್ಲು ಮೀಟಲಾಗದು ಎಂದು ಅಪ್ಪನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಮೂಲೆಯಲ್ಲಿ ಸುತ್ತಿಟ್ಟಿದ್ದ ಹೊಸ ಗಾದಿ ತಂದು ಹಾಸಿದ. ಅಣ್ಣ ಮಲಗಿದವನು ಮರುದಿನ ಹೊತ್ತೇರುವವರೆಗೂ ಏಳಲಿಲ್ಲ. ಅವನ ನಿದ್ದೆ ಕೆಟ್ಟೀತೆಂದು ಅಪ್ಪ ಬಿಲ್ಲು ಮುಟ್ಟಲಿಲ್ಲ. ಪಕ್ಕದಲ್ಲಿ ಕೂತು ಅವನ ಮುಖದ ಮೇಲೆ ಇಳಿಯುವ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದ.

ಮುಂದೆ ಪಲ್ಟನ್ನಿನವರು ಅಣ್ಣನಿಗೆ ಉಗ್ರಾಣದಲ್ಲಿ ಕೆಲಸ ಕೊಟ್ಟರು. ಪಿಂಚಣಿಯಾದ ಮೇಲೆ ಊರಿಗೆ ಬಂದು ಗಾದಿ ಅಂಗಡಿ ನೋಡಿಕೊಂಡ. ಬಿಲ್ಲು ಹೋಗಿ ಯಂತ್ರ ಬಂತು. ಅಣ್ಣನ ಮಗ ದೊಡ್ಡವನಾದ, ನರಗುಂದದಲ್ಲಿ ಹತ್ತಿಯ ಕಾಳು ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕೆ ನಿಂತ. ಸೊಸೆ ರೋಣದ ಸಾಲಿಯಲ್ಲಿ ಶಿಕ್ಷಕಿ, ಬೆಳಗಿನ ಮೊದಲ ಬಸ್ಸಿಗೆ ಹೋಗಬೇಕು. ಹೀಗಾಗಿ ಮೊಮ್ಮಗಳನ್ನು, ಅಂದರೆ ನಿಮ್ಮ ಅಕ್ಕನನ್ನು, ಎಬ್ಬಿಸಿ, ಜಳಕ ಮಾಡಿಸಿ, ಉಣ್ಣಿಸಿ, ಸಾಲಿಗೆ ಬಿಡುವುದು, ಸಂಜೆ ಗೇಟಿನ ಹತ್ತಿರ ನಿಂತು ಕರೆತರುವುದು ಅಣ್ಣನ ಪಾಲಿಗೆ ಬಂತು.

ಎಲ್ಲ ಮಾಡುತ್ತಿದ್ದ, ಹೆಳಲು ಮಾತ್ರ ಬರುತ್ತಿರಲಿಲ್ಲ. ನೀವು ಜಡೆ ಎನ್ನುವುದಕ್ಕೆ ನಾವು ಹೆಳಲು ಎನ್ನುತ್ತೇವೆ. ಸಾಲಿಯಲ್ಲಿ ಎರಡು ಹೆಳಲು, ಕೆಂಪು ರಿಬ್ಬನ್ನು ಕಡ್ಡಾಯ. ಅವನು ಹಾಕಿದ್ದು ಪ್ರಾರ್ಥನೆ ಮುಗಿಯುವುದರೊಳಗೆ ಬಿಚ್ಚಿಹೋಗುತ್ತಿತ್ತು. ಹುಡುಗರು ನಕ್ಕರೆಂದು ಅವಳು ಒಂದು ದಿನ ಅತ್ತುಕೊಂಡು ಬಂದಳು. ಆ ಸಂಜೆ ನಾನು ಅಂಗಡಿಗೆ ಹೋದಾಗ ಅಣ್ಣ ಗಾದಿ ಹೊಲಿಯುವ ದಾರಗಳನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಕನ್ನಡಕ ಏರಿಸಿಕೊಂಡು ಹೆಣೆಯುತ್ತಿದ್ದ.

"ಏನ್ ಮಾಡಾಕತ್ತೀ ಅಣ್ಣಾ?" ಎಂದೆ.

"ಪರೇಡ್ ಕಲ್ಯಾಕತ್ತೀನಿ. ನಗಬ್ಯಾಡ, ನಿಂತು ತೋರಸು" ಎಂದ.

ತೋರಿಸಿದೆ. ಮೊಂಡು ಬೆರಳುಗಳ ಸಂದಿನಲ್ಲಿ ಒಂದು ಎಳೆ ಒತ್ತಿ ಹಿಡಿಯುವುದನ್ನು ಅವನೇ ಕಂಡುಕೊಂಡ. ರಿಬ್ಬನ್ನಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕುತ್ತಿದ್ದ. ಆಮೇಲೆ ಅವಳ ಹೆಳಲು ಸಂಜೆಯವರೆಗೂ ಸಡಿಲಾಗುತ್ತಿರಲಿಲ್ಲ. ಬೆಳಗ್ಗೆ ಅವರ ಮನೆಯ ಮುಂದೆ ಹಾದುಹೋದರೆ ಮೆಟ್ಟಿಲ ಮೇಲೆ ಅಜ್ಜ, ಕೆಳಗಿನ ಮೆಟ್ಟಿಲಲ್ಲಿ ಮೊಮ್ಮಗಳು. ಅವಳು ಮಗ್ಗಿ ಹೇಳುತ್ತಿದ್ದಳು. ಅವನು ಬಾಯಲ್ಲಿ ರಿಬ್ಬನ್ನು ಕಚ್ಚಿಕೊಂಡೇ "ಹೂಂ, ಹೂಂ" ಎನ್ನುತ್ತಿದ್ದ.

ಅವನು ಹೋದ ದಿನವೂ ಹಾಗೆಯೇ ಹೆಳಲು ಹಾಕಿದ್ದ. ಅವಳನ್ನು ಸಾಲಿಗೆ ಬಿಟ್ಟು ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತು ನೀರು ಕೇಳಿದನಂತೆ. ನೀರು ತರುವಷ್ಟರಲ್ಲಿ ಗೋಡೆಗೆ ಒರಗಿದ್ದ. ದವಾಖಾನಿಗೆ ಒಯ್ದರು. ಅಲ್ಲಿ ಮಾಡುವುದೇನೂ ಉಳಿದಿರಲಿಲ್ಲ.

ಮೊಬೈಲುಗಳು ರಿಂಗಾದವು. ನರಗುಂದದಲ್ಲಿ ಮಗನದು, ರೋಣದಲ್ಲಿ ಸೊಸೆಯದು, ಸಾಲಿಯಲ್ಲಿ ಹೆಡ್‌ಮೇಡಮ್ಮಿನದು. ನೆರೆಯವರೊಬ್ಬರು ಬೈಕಿನ ಮೇಲೆ ಹೋಗಿ ಹುಡುಗಿಯನ್ನು ಕರೆತಂದರು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ಪಾಟಿಚೀಲ ಬೆನ್ನ ಮೇಲಿದ್ದಂತೆಯೇ ಬಂದು ಅಜ್ಜನ ತಲೆಯ ಬಳಿ ಕೂತಳು.

"ಅಜ್ಜಾ, ಇವತ್ತು ನನ್ನ ಲಗೂ ಬಿಟ್ಟಾರ" ಎಂದಳು. "ಏಳು. ನೀ ಕರಿಯಾಕ ಬರೂ ಕೆಲಸಿಲ್ಲ ಇವತ್ತು."

ನಾನು ಅವಳ ಬೆನ್ನ ಮೇಲಿನ ಪಾಟಿಚೀಲ ತೆಗೆದಿಟ್ಟೆ.

ನರೇಗಲ್ಲಿನಿಂದ, ಸೂಡಿಯಿಂದ ಹಳೆಯ ಸಿಪಾಯಿಗಳು ಬಂದರು. ಮಣ್ಣು ಕೊಡುವ ಮೊದಲು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರೆಂದು ಮಗ ಬಂದು ಹೇಳಿದ. ಹೇಳುತ್ತ ಹೇಳುತ್ತ ಚಿಕ್ಕ ಹುಡುಗನಂತೆ ಬಿಕ್ಕಿದ.

ಮರುದಿನ ಸೊಸೆ ಮಗಳ ಹೆಳಲು ಬಿಚ್ಚಲು ಹೋದಳು. ಹುಡುಗಿ ಎರಡೂ ಹೆಳಲುಗಳನ್ನು ಮುಷ್ಟಿಯಲ್ಲಿ ಹಿಡಿದು ಮೂಲೆ ಸೇರಿದಳು. "ಅಜ್ಜ ಹಾಕಿದ್ದು. ಬಿಚ್ಚಬ್ಯಾಡ." ಹಾಗೆಯೇ ಮಲಗಿದಳು, ಹಾಗೆಯೇ ಎದ್ದಳು. ಜಳಕಕ್ಕೆ ಹೋದರೆ ತಲೆಗೆ ನೀರು ತಾಗಿಸುತ್ತಿರಲಿಲ್ಲ. ಕೂದಲು ಜಿಡ್ಡಾಯಿತು, ಎಳೆಗಳು ಅಲ್ಲಲ್ಲಿ ಕಿತ್ತುಬಂದವು. ಬೈದರೂ ಕೇಳಲಿಲ್ಲ, ಮುದ್ದು ಮಾಡಿದರೂ ಕೇಳಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ತಾನೇ ನನ್ನ ಬಳಿ ಬಂದು ಬೆನ್ನು ಮಾಡಿ ಕೂತಳು.

"ಅಜ್ಜಿ, ತಲಿ ಭಾಳ ಕಡೀತೈತಿ. ನೀ ಬಿಚ್ಚು. ಆದ್ರ ಗಂಟು ಕತ್ತರಸಬ್ಯಾಡ."

ಆ ಗಂಟು ಸುಲಭಕ್ಕೆ ಬಿಡಲಿಲ್ಲ. ಉಗುರು ಹಾಕಿದೆ, ಎಣ್ಣೆ ಹಚ್ಚಿದೆ. ಬಿಡಿಸಿದ ರಿಬ್ಬನ್ನಿನ ತುದಿಯಲ್ಲಿ ಅಣ್ಣನ ಹಲ್ಲಿನ ಗುರುತು ಹಾಗೆಯೇ ಇತ್ತು. ಅವಳು ಅದನ್ನು ಇಸಿದುಕೊಂಡು ಮೂಗಿಗೆ ಹಿಡಿದು, ನನ್ನ ತೊಡೆಯ ಮೇಲೆ ಬೋರಲು ಬಿದ್ದಳು. ಅಜ್ಜ ಹೋದ ಮೇಲೆ ಆಗಲೇ ಅವಳು ಮೊದಲು ಅತ್ತದ್ದು. ನಾನೂ ಅವಳ ಕೆದರಿದ ತಲೆಯ ಮೇಲೆ ಮುಖವಿಟ್ಟು ಅತ್ತೆ.

ಮಕ್ಕಳೇ, ನಿಮ್ಮ ಕಾಲ ಎಷ್ಟೋ ಒಳ್ಳೆಯದು. ನಾನು ಬರಿಗಾಲಲ್ಲಿ ಸಾಲಿಗೆ ಹೋದೆ, ನಿಮಗೆ ಬೂಟುಗಳಿವೆ. ನೀವು ಹಾಸಿಗೆಯಲ್ಲಿ ಮಲಗಿಕೊಂಡೇ ದೂರದ ಊರಿನವರ ದನಿ ಕೇಳುತ್ತೀರಿ. ನಮಗೆ ಸುದ್ದಿ ಎತ್ತಿನ ಬಂಡಿಯಂತೆ ಬರುತ್ತಿತ್ತು, ಅರ್ಧ ಬರುತ್ತಿತ್ತು. ಅವ್ವ ಆ ಉಳಿದರ್ಧವನ್ನು ಹಿಡಿದು ಒಂದು ಚಳಿಗಾಲ ಪೂರ್ತಿ ಕಾದಳು. ನಿಮ್ಮ ಅಕ್ಕನಿಗೆ ಸುದ್ದಿ ಬೇಗ ಬಂತು, ಪೂರ್ತಿ ಬಂತು. ಆ ದಿನ ಸಾಲಿಯಲ್ಲಿ ಕನ್ನಡದ ಪಾಠ ಶುರುವಾದಾಗ ಅಜ್ಜ ಇದ್ದ, ಮುಗಿಯುವಾಗ ಇರಲಿಲ್ಲ. ಕಾಯಲು ಅವಳಿಗೆ ಒಂದು ಗಳಿಗೆಯೂ ಸಿಗಲಿಲ್ಲ.

ಈಗ ಸಾಲಿ ಬಿಟ್ಟ ಮೇಲೆ ನೀವೆಲ್ಲ ಓಡಿ ಬಂದರೂ ಅವಳು ಗೇಟಿನ ಹತ್ತಿರ ನಿಂತಿರುತ್ತಾಳೆಂದು ದೂರು ಹೇಳುತ್ತೀರಿ. ಅವಳ ಕೈ ಹಿಡಿದು ಎಳೆಯಬೇಡಿ. ನಿಲ್ಲುವಷ್ಟು ಹೊತ್ತು ನಿಲ್ಲಲಿ. ನೀವೂ ಜೊತೆಗೆ ನಿಲ್ಲಿ.