ಬಿಸಿಲಿದ್ದರೂ ನೀರಿಗಿಳಿಯಬೇಡಿ

ಶಾಮಲಾ ಮೊದಲ ಸಲ ಸೂಗಮ್ಮನ ಖಾನಾವಳಿಗೆ ಬಂದ ದಿನ ಕುಚ್ಚಲಕ್ಕಿ ಅನ್ನ ಕೇಳಿದಳು. ಹೈದರಾಬಾದಿನ ನಾರಾಯಣಗೂಡದ ಆ ಓಣಿಯಲ್ಲಿ ಸೂಗಮ್ಮ ರೊಟ್ಟಿ ಬಡಿಯಲು ಕೂತದ್ದು ಗಂಡ ತೀರಿಕೊಂಡ ವರ್ಷ. ಯಾದಗಿರಿ, ಬೀದರದ ಕಡೆಯ ನೌಕರದಾರರು, ಕೋಚಿಂಗಿಗೆ ಬಂದ ಹುಡುಗರು ಉಂಡು ಹೋಗುವ ಜಾಗ ಅದು. ಅಲ್ಲಿ ಯಾರೂ ಅಕ್ಕಿಯ ಹೆಸರು ಹಿಡಿದು ಅನ್ನ ಕೇಳಿದವರಿಲ್ಲ.

“ಅನ್ನ ಐತಿ ತಂಗಿ. ಅದರ ಹೆಸರು ನನಗೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ. ಕುಂಡ್ರು,” ಎಂದಳು ಸೂಗಮ್ಮ.

ಹುಡುಗಿ ಕೂತಳು. ಮೀನು ಸಿಗುತ್ತದೋ ಎಂದು ಕೇಳಲು ಬಾಯಿ ತೆರೆದವಳು ಗೋಡೆಯ ಮೇಲಿನ ಬಸವಣ್ಣನ ಪಟ ಕಂಡು ಸುಮ್ಮನಾದಳು. ಅವಳನ್ನು ಕರೆತಂದ ಮಾಣಿಕಪ್ಪ ನಕ್ಕ.

“ಅಕ್ಕಾರ, ಈಕಿ ನಮ್ಮ ಕಂಪನಿಗೆ ಬಂದಾಳ. ಮಲ್ಪೆಯಾಕಿ. ಸಮುದ್ರ ಹೆಂಗಿರ್ತೈತಿ ಅಂತ ನಾಕು ದಿನ ಮೊದಲ ಹೇಳ್ತಾಳ.”

“ಹೈದರಾಬಾದಿನಾಗ ಕುಂತು?”

“ಹೂಂ ರೀ, ಇಲ್ಲೇ ಕುಂತು.”

“ಹುಸೇನ ಸಾಗರ ಕೆರೀದು ಹೇಳ್ತಾಳೇನು?”

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆ ನಗು ಸೂಗಮ್ಮನಿಗೆ ಹಿಡಿಸಿತು. ಊಟ ಮುಗಿಯುವ ಹೊತ್ತಿಗೆ ಹಿಂದಿನ ಕೋಣೆ ಖಾಲಿ ಇದೆ ಎಂದು ತಾನೇ ಹೇಳಿದಳು.

ಸುನಾಮಿ ಬಂದು ಹೋಗಿ ಎರಡು ಮೂರು ವರ್ಷವಾಗಿದ್ದ ಕಾಲ ಅದು. ಹೈದರಾಬಾದಿನಲ್ಲಿ ಒಂದು ಕಟ್ಟಡದ ಬಣ್ಣ ಒಣಗುವ ಮೊದಲೇ ಅದರ ಮೇಲೆ ಕಂಪ್ಯೂಟರ್ ಕಂಪನಿಯ ಬೋರ್ಡು ಏಳುತ್ತಿತ್ತು. ಬೀದರದ ಮಾಣಿಕಪ್ಪ ಮೊದಲು ಕೋಠಿಯಲ್ಲಿ ಕಂಪ್ಯೂಟರಿನ ಬಿಡಿಭಾಗ ಮಾರುತ್ತಿದ್ದವನು. ಆಮೇಲೆ ಸೂಗಮ್ಮನ ಮನೆಯೆದುರಿನ ಕೋಚಿಂಗ್ ಸೆಂಟರಿನ ಮಹಡಿ ಹಿಡಿದು ತಾನೂ ಒಂದು ಕಂಪನಿ ತೆರೆದ. ಗಾಳಿ, ಅಲೆ, ಭರತ ಇಳಿತದ ಅಂಕಿಗಳನ್ನು ಇಂಟರ್‌ನೆಟ್ಟಿನಿಂದ ತೆಗೆದು, ಅದರಿಂದ ಮುನ್ಸೂಚನೆ ಬರೆಸಿ ದೋಣಿಯವರಿಗೆ, ಪ್ರವಾಸದವರಿಗೆ ಮಾರುವುದು ಅವನ ಕೆಲಸ. ಅವನು ಸಮುದ್ರ ನೋಡಿದ್ದು ಒಂದೇ ಸಲ, ವಿಶಾಖಪಟ್ಟಣದಲ್ಲಿ, ಅದೂ ಬಸ್ಸಿನ ಕಿಟಕಿಯಿಂದ.

ಶಾಮಲಾಳ ಪಾಲಿಗೆ ಬಂದದ್ದು ಅಂಡಮಾನಿನ ದಕ್ಷಿಣಕ್ಕೆ ಒಂದು ಪುಟ್ಟ ದ್ವೀಪದ ಅಂಚಿನಲ್ಲಿರುವ ಹವಳದ ಬಂಡೆಸಾಲು. ನೀರಿನಡಿ ಹಲ್ಲು ಮಸೆದಂತೆ ನಿಂತಿರುವುದರಿಂದ ದೋಣಿಯವರು ಅದನ್ನು ಗರಗಸ ಎನ್ನುತ್ತಿದ್ದರು. ಹಲಗೆಯ ಮೇಲೆ ನಿಂತು ಅಲೆಯ ಸವಾರಿ ಮಾಡುವವರು ಅಲ್ಲಿಗೆ ದೂರದೂರದಿಂದ ಬರುತ್ತಿದ್ದರು. ಅಲೆ ಹದವಾಗಿದ್ದ ದಿನ ಅದರಂಥ ಜಾಗ ಇಲ್ಲ. ಹದ ತಪ್ಪಿದ ದಿನ ಬಿದ್ದವನ ಬೆನ್ನ ಚರ್ಮ ಬಂಡೆಗೆ ಅಂಟುತ್ತದೆ. ಕಲಿಯುವವರ ಜಾಗವಲ್ಲ ಅದು.

ಶಾಮಲಾ ಈ ಕೆಲಸಕ್ಕೆ ಬಂದದ್ದರ ಹಿಂದೆ ಅವಳ ಅಪ್ಪನ ಕಥೆಯಿತ್ತು. ಅದನ್ನು ಅವಳು ಒಂದು ದಿನ ಪುಂಡಿಪಲ್ಯದ ಸೊಪ್ಪು ಬಿಡಿಸುತ್ತ ಹೇಳಿದಳು. ಅವಳು ಚಿಕ್ಕವಳಿದ್ದಾಗ, ಮೋಡವಿಲ್ಲದ, ಗಾಳಿಯಿಲ್ಲದ ಒಂದು ಬೆಳಿಗ್ಗೆ ಅಪ್ಪನ ದೋಣಿ ದಡದ ಹತ್ತಿರವೇ ಒಂದು ಅಲೆಗೆ ಸಿಕ್ಕಿ ಒಡೆಯಿತು. ಅಪ್ಪ ಉಳಿದ, ಬಲಗೈ ಸೊಟ್ಟಗಾಯಿತು. ಗಾಳಿಯೇ ಇಲ್ಲದೆ ಅಲೆ ಎಲ್ಲಿಂದ ಬರುತ್ತದೆ ಎಂದು ಊರು ಕೇಳಿತು. ಕುಡಿದಿದ್ದ ಎಂದರು, ನಿದ್ದೆ ಹೋಗಿದ್ದ ಎಂದರು. ಅಪ್ಪನಿಗೂ ಉತ್ತರ ಗೊತ್ತಿರಲಿಲ್ಲ. ಆ ಉತ್ತರ ಹುಡುಕುತ್ತಲೇ ಅವಳು ಮಂಗಳೂರಿನವರೆಗೆ ಹೋಗಿ ಕಡಲಿನ ವಿದ್ಯೆ ಓದಿದಳು.

“ಸಿಕ್ತೇನು ಉತ್ತರ?” ಎಂದಳು ಸೂಗಮ್ಮ.

“ಪುಸ್ತಕದಲ್ಲಿ ಸಿಕ್ಕಿತು ಅಮ್ಮ. ಅಪ್ಪನಿಗೆ ಹೇಳಿದೆ. ತಲೆ ಆಡಿಸ್ತಾರೆ, ಅಷ್ಟೆ. ಮಗಳು ಸಮಾಧಾನಕ್ಕೆ ಹೇಳ್ತಾಳೆ ಅಂತ ಅವರಿಗೆ.”

ಶಾಮಲಾಳಿಗೆ ಒಂದು ರೂಢಿಯಿತ್ತು. ಮುನ್ಸೂಚನೆಯನ್ನು ಆಫೀಸಿನಲ್ಲಿ ಬರೆಯುವ ಮೊದಲು ಬೆಳಿಗ್ಗೆ ಒಲೆಯ ಮುಂದೆ ಕೂತು ಸೂಗಮ್ಮನಿಗೆ ಬಾಯಲ್ಲಿ ಹೇಳಬೇಕು. ಸಮುದ್ರ ಕಾಣದವರಿಗೆ ತಿಳಿಯುವಂತೆ ಹೇಳಲು ಬಂದರೆ ಮಾತ್ರ ತನಗೆ ತಿಳಿದಿದೆ ಎಂದು ಅರ್ಥ ಎನ್ನುತ್ತಿದ್ದಳು. ಸೂಗಮ್ಮ ರೊಟ್ಟಿ ಬಡಿಯುತ್ತ ಪೂರ್ತಿ ಕೇಳುವಳು, ನಡುವೆ ಬಾಯಿ ಹಾಕುವವಳಲ್ಲ. ಕೊನೆಗೆ ಒಂದೇ ಪ್ರಶ್ನೆ: “ಅಂದ್ರ ಇಳೀಬೇಕೊ ಬ್ಯಾಡೊ?” ಅದಕ್ಕೆ ಸರಿಯಾದ ಉತ್ತರ ಬರುವತನಕ ಚಹಾ ಸಿಗುತ್ತಿರಲಿಲ್ಲ.

“ಹತ್ತಿರದ ಗಾಳಿ ಎಬ್ಬಿಸಿದ ಅಲೆ ಉಂಟಲ್ಲ ಅಮ್ಮ, ಅದು ಅವಸರದ್ದು,” ಎಂದಳು ಒಂದು ದಿನ. “ಒಂದರ ಹಿಂದೆ ಒಂದು ಬರ್ತದೆ. ಗಲಾಟೆ ಜಾಸ್ತಿ, ಭಾರ ಕಮ್ಮಿ. ದೂರದಿಂದ ನಡೆದು ಬಂದದ್ದು ನಿಧಾನ. ಒಂದು ಹೋಗಿ ಇನ್ನೊಂದು ಬರುವುದರೊಳಗೆ ನೀವು ಅರ್ಧ ರೊಟ್ಟಿ ಬಡಿದಿರ್ತೀರಿ. ಆಳದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಬಂಡೆಗೆ ಕಾಲು ತಾಗಿತು ಅಂದ್ರೆ ಎದ್ದು ನಿಲ್ತದೆ.”

“ನಮ್ಮ ಅತ್ತಿ ಹಂಗ ಇದ್ಲು. ಊರಿಂದ ಬರೂಮಟ ಸಪ್ಪಳಿಲ್ಲ, ಹೊಸ್ತಿಲಕ್ಕ ಕಾಲು ತಾಗಿತಂದ್ರ ಎದ್ದು ನಿಲ್ತಿದ್ಲು.”

ಏಪ್ರಿಲಿನಲ್ಲಿ ಒಂದು ಗುರುವಾರ ಶಾಮಲಾ ಒಲೆಯ ಮುಂದೆ ಕೂತು ಹೇಳಿದ ಮುನ್ಸೂಚನೆ ಬೇರೆಯೇ ಆಗಿತ್ತು. ಭೂಮಿಯ ತೀರಾ ದಕ್ಷಿಣಕ್ಕೆ, ಹಿಮದ ಕಡಲಿನಲ್ಲಿ ಹಿಂದಿನ ವಾರ ದೊಡ್ಡ ಬಿರುಗಾಳಿ ಎದ್ದಿತ್ತು. ಗಾಳಿ ಅಲ್ಲೇ ಸತ್ತು ಹೋಗಿತ್ತು, ಅದು ಎಬ್ಬಿಸಿದ ಅಲೆ ಮಾತ್ರ ಉತ್ತರಕ್ಕೆ ನಡೆಯುತ್ತಿತ್ತು. ಭಾನುವಾರ ಅದು ಗರಗಸವನ್ನು ಮುಟ್ಟಬೇಕು. ದ್ವೀಪದ ಹವೆ ಅಂದು ಹೇಗಿರುತ್ತದೆಂದರೆ, ಒಂದು ಮೋಡವಿಲ್ಲ, ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ.

ಅಂದು ಅವಳು ಬರೆದದ್ದು ಇಷ್ಟು: “ಭಾನುವಾರ ಬೆಳಗಿನಿಂದ ಸೋಮವಾರ ಸಂಜೆಯತನಕ ಗರಗಸದಲ್ಲಿ ಯಾರೂ ನೀರಿಗಿಳಿಯಬೇಡಿ. ಬಿಸಿಲಿರುತ್ತದೆ, ಗಾಳಿಯಿರುವುದಿಲ್ಲ. ಆದರೂ ಇಳಿಯಬೇಡಿ. ಮಂಗಳವಾರ ಅಲೆ ತಗ್ಗಿ, ಬೆಳಿಗ್ಗೆ ನೆಲದಿಂದ ಬೀಸುವ ಗಾಳಿಗೆ ಹದವಾಗುತ್ತದೆ. ಭರತ ತುಂಬಿದ ಮೇಲೆ, ನುರಿತವರು ಮಾತ್ರ ಇಳಿಯಬಹುದು.”

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಲ್ಲೇ ಜಗಳ ಶುರುವಾಯಿತು. ಮಾಣಿಕಪ್ಪ ಪ್ರತಿ ಮುನ್ಸೂಚನೆಯ ನೆತ್ತಿಯ ಮೇಲೆ ಚಿತ್ರ ಹಾಕಿಸುತ್ತಿದ್ದ. ಮಳೆಗೆ ಮೋಡ, ಬಿಸಿಲಿಗೆ ನಗುವ ಸೂರ್ಯ. ಭಾನುವಾರದ ಪುಟದ ಮೇಲೆ ಸೂರ್ಯ ಹಲ್ಲು ಕಿರಿಯುತ್ತಿದ್ದ, ‘ಇಳಿಯಬೇಡಿ’ ಎಂಬುದು ಎಲ್ಲೋ ಕೆಳಗೆ ಸಣ್ಣಕ್ಷರದಲ್ಲಿತ್ತು.

“ಸೂರ್ಯನನ್ನು ತೆಗೀರಿ ಸರ್. ಜನ ಅದನ್ನೇ ಮೊದಲು ನೋಡ್ತಾರೆ,” ಎಂದಳು ಶಾಮಲಾ.

“ಬಿಸಿಲು ಇರ್ತೈತಿ ಅಂತ ನೀನ ಬರದಿ. ಸೂರ್ಯ ಹಾಕಿದ್ರ ಸುಳ್ಳು ಹೆಂಗಾತು? ಅಕ್ಕಾರ, ನೀವ ಹೇಳ್ರಿ. ಬಿಸಿಲು ಬಿದ್ದ ದಿನ ಸಂಡಿಗಿ ಹಾಕ್ತೀರೊ ಇಲ್ಲೊ?”

“ಹಾಕ್ತೀನಿ,” ಎಂದಳು ಸೂಗಮ್ಮ. “ಆದ್ರ ಮಾಳಿಗಿ ಮ್ಯಾಲ ಹಾಕ್ತೀನಿ ತಮ್ಮಾ, ಸಮುದ್ರದಾಗ ಹಾಕಂಗಿಲ್ಲ.”

ಉಣ್ಣುತ್ತಿದ್ದವರೆಲ್ಲ ನಕ್ಕರು. ಅದೇ ಕೆಟ್ಟದ್ದಾಯಿತು. ಮಾಣಿಕಪ್ಪ ಮುಖ ಕೆಂಪಗೆ ಮಾಡಿಕೊಂಡು ತಾಟು ಸರಿಸಿದ.

“ದೋಣಿಯವರು ಮಂದೀನ ದೂರದಿಂದ ಕರಸ್ಯಾರ. ಎರಡು ದಿನ ಅವರನ್ನ ಸುಮ್ಮನ ಕುಂಡ್ರಸಂತ ಹೇಳಾಕತ್ತಿ. ಭಾನುವಾರ ಸಮುದ್ರ ಸುಮ್ಮನಿತ್ತಂದ್ರ ಮುಂದ ನಮ್ಮ ಮಾತು ಯಾರೂ ಕೇಳಂಗಿಲ್ಲ. ಆಗ ಸೋಮವಾರ ನೀ ಆಫೀಸಿಗೆ ಬರೂದು ಬ್ಯಾಡ.”

“ಸರಿ ಸರ್,” ಎಂದಳು ಶಾಮಲಾ. ಬರೆದದ್ದನ್ನು ಮಾತ್ರ ಬದಲಿಸಲಿಲ್ಲ.

ಶನಿವಾರ ಕಡಲು ಸುಮ್ಮನಿತ್ತು. ಭಾನುವಾರ ಬೆಳಗಾಯಿತು. ಶಾಮಲಾ ಮೊಬೈಲನ್ನು ಹಿಟ್ಟಿನ ಪರಾತದ ಪಕ್ಕ ಇಟ್ಟುಕೊಂಡು ಕೂತಿದ್ದಳು. ಮಾಣಿಕಪ್ಪ ರಜೆಯ ದಿನವಾದರೂ ಬಂದು, ಬಾಗಿಲ ಕಟ್ಟೆಯ ಮೇಲೆ ತೆಲುಗು ಪೇಪರು ಬಿಚ್ಚಿ ಓದುವವನಂತೆ ಕೂತಿದ್ದ. ಬಹಳ ಹೊತ್ತು ಪುಟ ತಿರುವಿರಲಿಲ್ಲ.

ಫೋನು ಬಂತು. ಗರಗಸಕ್ಕೆ ಜನರನ್ನು ಕರೆದೊಯ್ಯುವ ದೋಣಿಯ ಚಂದ್ರಹಾಸ, ಹೊನ್ನಾವರದ ಕಡೆಯವನು. ಶಾಮಲಾ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

“ಎಂತ ಮಾರಾಯ್ತಿ ಇದು? ನೀರು ಎಣ್ಣೆಯ ಹಾಗೆ ಮಲಗಿದೆ. ಇವರೆಲ್ಲ ಹಲಗೆಗೆ ಮೇಣ ಹಚ್ಚಿ ತಯಾರಾಗಿದ್ದಾರೆ. ನಿಮ್ಮದೇ ಪುಟದಲ್ಲಿ ಸೂರ್ಯ ನಗ್ತಾ ಉಂಟು, ಅದನ್ನು ತೋರಿಸಿ ನನಗೇ ಜೋರು ಮಾಡ್ತಾರೆ. ಇಳಿಸ್ಲಾ?”

ಕಟ್ಟೆಯ ಮೇಲೆ ಪೇಪರು ಸರಕ್ಕೆಂದಿತು. ಸೂಗಮ್ಮ ಹುಡುಗಿಯ ಮುಖ ನೋಡಲಿಲ್ಲ. ಸಂಬಳ ಹೋದರೆ ಕೋಣೆಯ ಬಾಡಿಗೆ ಕೇಳಬಾರದು, ಊರಿಗೆ ಹೋಗುವಾಗ ರೊಟ್ಟಿ ಕಟ್ಟಿಕೊಡಬೇಕು ಎಂದು ಅವಳ ಮನಸ್ಸು ಆಗಲೇ ಮುಂದಿನದಕ್ಕೆ ಹೋಗಿತ್ತು.

“ಬಂಡೆಯ ಅಂಚು ನೋಡು ಚಂದ್ರಹಾಸ. ನೀರು ಏರಿ ಇಳೀತಾ ಉಂಟಾ?”

“ಉಸಿರಾಡಿದ ಹಾಗೆ ಒಂಚೂರು. ಮೊಣಕಾಲೂ ಮುಚ್ಚುವುದಿಲ್ಲ.”

“ಎಷ್ಟು ಎತ್ತರ ಅಂತ ಕೇಳ್ಲಿಲ್ಲ. ಒಂದು ಏರಿದ್ದಕ್ಕೂ ಇನ್ನೊಂದು ಏರುವುದಕ್ಕೂ ನಡುವೆ ಎಣಿಸು. ಜೋರಾಗಿ ಎಣಿಸು.”

ಅವನು ಎಣಿಸತೊಡಗಿದ. ಸೂಗಮ್ಮನ ಕೈ ತಾನಾಗಿ ನಿಂತಿತು. ಎಣಿಕೆ ಹತ್ತು ದಾಟಿತು, ಹದಿನೈದು ದಾಟಿತು, ಇನ್ನೂ ಮುಂದೆ ಹೋಗಿ ನಿಂತಿತು.

“ಇನ್ನೊಮ್ಮೆ.”

ಮತ್ತೆ ಅಷ್ಟೇ ದೂರ ಹೋಗಿ ನಿಂತಿತು.

“ನಿನ್ನೆ ಹೀಗಿತ್ತಾ?”

“ನಿನ್ನೆ ಏಳೆಂಟಕ್ಕೆ ಮುಗೀತಿತ್ತು,” ಎಂದ ಚಂದ್ರಹಾಸ. ಅವನ ದನಿ ಇಳಿದಿತ್ತು.

“ಹಾಗಾದ್ರೆ ಅದು ಬಂದಾಯ್ತು. ಇವು ಮುಂಚೆ ಬರುವ ಸಣ್ಣವು. ದೊಡ್ಡವು ಹಿಂದೆ ಉಂಟು. ದೋಣಿಯನ್ನು ಬಂಡೆಯಿಂದ ಆಳಕ್ಕೆ ತೆಗೆದುಕೊಂಡು ಹೋಗು. ಒಬ್ಬರನ್ನೂ ಇಳಿಸಬೇಡ.”

“ಬೈತಾರೆ.”

“ಬೈಸ್ಕೋ. ನನ್ನ ಹೆಸರು ಹೇಳು.”

ಫೋನು ನಿಂತಿತು. ಆಮೇಲಿನ ಹೊತ್ತು ಸರಿಯಲೊಲ್ಲದು. ಉಣ್ಣುವವರು ಬಂದರು, ಉಂಡು ಹೋದರು. ಶಾಮಲಾ ಬೆಳ್ಳುಳ್ಳಿ ಸುಲಿಯುತ್ತ ಕೂತಳು, ಒಂದು ಚಟ್ನಿಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸುಲಿದಳು. ಮಾಣಿಕಪ್ಪ ಚಹಾ ಕೇಳಿದ. ಸೂಗಮ್ಮ ಕೊಟ್ಟಳು. ಸಕ್ಕರೆ ಹಾಕಲು ಮರೆತಿದ್ದಳು, ಅವನೂ ಅದನ್ನು ಗಮನಿಸದೆ ಕುಡಿದ.

ಮತ್ತೆ ಫೋನು ಬಂದಾಗ ಓಣಿಯಲ್ಲಿ ಯಾರೋ ಲಾರಿಯಿಂದ ಜಲ್ಲಿ ಸುರಿದಂತಾಯಿತು. ಸೂಗಮ್ಮ ಬಾಗಿಲ ಕಡೆ ನೋಡಿದಳು. ಲಾರಿ ಇರಲಿಲ್ಲ. ಸಪ್ಪಳ ಬರುತ್ತಿದ್ದದ್ದು ಆ ಅಂಗೈಯಗಲದ ಫೋನಿನಿಂದ.

“ಎಲ್ಲರೂ ದೋಣಿಯಲ್ಲೇ ಇದ್ದೇವೆ,” ಎಂದ ಚಂದ್ರಹಾಸ ಮೊದಲ ಮಾತಿಗೆ. “ಶಾಮಲಾ, ನೀರು ಹಿಂದಕ್ಕೆ ಹೀರಿಕೊಂಡಿತು. ಬಂಡೆ ಬೋಳಾಗಿ ಎದ್ದು ಕಂಡಿತು, ಹಲ್ಲು ಹಲ್ಲು. ಆಮೇಲೆ ಅದರ ಮೇಲೆಯೇ ಒಡೀತು. ನಾವು ನಿತ್ಯ ಇಳಿಯುವ ಜಾಗ ಅದು. ಈಗಲೂ ಒಡೀತಾ ಉಂಟು, ಕೇಳ್ತದಲ್ಲ? ಆಕಾಶದಲ್ಲಿ ನೋಡಿದ್ರೆ ಹತ್ತಿಯ ಚೂರೂ ಇಲ್ಲ.”

“ನಿನ್ನ ಜನ ಎಂತ ಹೇಳ್ತಾರೆ?”

“ಬೆಳಿಗ್ಗೆ ಬೈದವನು ಬಿಸ್ಕೀಟು ಕೊಟ್ಟ.”

ಶಾಮಲಾ ನಗಲು ಹೋಗಿ ಅತ್ತಳು. ಮಾಣಿಕಪ್ಪ ಪೇಪರನ್ನು ಮಡಚಿ, ಮತ್ತೂ ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ಎದ್ದ.

“ಸೂರ್ಯನ್ನ ತೆಗಿಯಂಗಿಲ್ಲ. ಅದನ್ನ ಬರಿಸಾಕ ಭಾಳ ತಿರುಗಾಡೀನಿ,” ಎಂದ. “ಸಣ್ಣದ ಮಾಡಿ ಕೆಳಗ ಹಾಕ್ತೀನಿ.”

“ಮ್ಯಾಲ ಏನ ಹಾಕ್ತಿ?” ಎಂದಳು ಸೂಗಮ್ಮ.

“ಇಳೀಬೇಕೊ ಬ್ಯಾಡೊ, ಅದನ್ನ. ದೊಡ್ಡಕ್ಷರದಾಗ.” ಎರಡು ಹೆಜ್ಜೆ ಹೋದವನು ತಿರುಗಿ ನಿಂತ. “ನಾಳಿ ಜಲ್ದಿ ಬಾ ಶಾಮಲಾ. ಮಂಗಳವಾರದ್ದು ಇನ್ನೊಮ್ಮೆ ನೋಡೂಣು.”

ಮಂಗಳವಾರ ಗರಗಸ ಅವಳು ಹೇಳಿದಂತೆಯೇ ಹದಕ್ಕೆ ಬಂತು. ಅಂದು ಅಲೆ ಏರಿದವರು ತಮ್ಮ ಜನ್ಮದಲ್ಲಿ ಅಂಥದನ್ನು ಕಂಡಿಲ್ಲವೆಂದರಂತೆ. ಆದರೆ ಶಾಮಲಾಳಿಗೆ ದೊಡ್ಡದಾದದ್ದು ಅದಲ್ಲ. ಅವಳು ಚಂದ್ರಹಾಸನಿಂದ ಮಲ್ಪೆಗೆ ಫೋನು ಮಾಡಿಸಿ, ಕಂಡದ್ದನ್ನೆಲ್ಲ ಅಪ್ಪನಿಗೆ ಅವನ ಬಾಯಿಂದಲೇ ಹೇಳಿಸಿದಳು. ಕಡಲಿಗೆ ಹೋಗುವವನು ಕಡಲಿಗೆ ಹೋದವನಿಗೆ ಹೇಳಿದ ಮಾತು ಅದು. ಸಂಜೆ ಅಪ್ಪ ಮಗಳಿಗೆ ಫೋನು ಮಾಡಿ, “ಅಷ್ಟು ದೂರದಿಂದ ಬರ್ತದಾ ಅದು? ಹಾಗಾದ್ರೆ ನನ್ನ ತಪ್ಪಲ್ಲ,” ಎಂದನಂತೆ. ಇದನ್ನು ಹೇಳುವಾಗ ಶಾಮಲಾಳ ಮುಖ ಸೂಗಮ್ಮನಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಮಾರನೆಯ ವರ್ಷ ದ್ವೀಪದ ದೋಣಿಯವರೆಲ್ಲ ಕೂಡಿ ಅವಳನ್ನು ಅಲ್ಲಿಗೇ ಕರೆದರು. ಅಂಕಿಯ ಜೊತೆಗೆ ನೀರನ್ನೂ ನೋಡಿ ಹೇಳುವವರು ಬೇಕಾಗಿತ್ತು ಅವರಿಗೆ. ಮಾಣಿಕಪ್ಪ ಒಂದು ವಾರ ಗೊಣಗಿ, ಕಂಪನಿಯ ಕಡೆಯಿಂದಲೇ ಕಳಿಸುವುದೆಂದು ತೀರ್ಮಾನಿಸಿ, ಅದು ತನ್ನದೇ ವಿಚಾರ ಎಂದು ಎಲ್ಲರಿಗೂ ಹೇಳಿಕೊಂಡ.

ಹೊರಡುವ ದಿನ ಸೂಗಮ್ಮ ಕಾಚಿಗುಡ ಸ್ಟೇಶನ್ನಿನವರೆಗೆ ಆಟೋದಲ್ಲಿ ಜೊತೆಗೆ ಹೋದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ತೊಡೆಯ ಮೇಲಿತ್ತು. ಹಡಗು ಹತ್ತುವ ಊರಿಗೆ ಹೋಗುವ ಗಾಡಿ ಬಂತು. ಶಾಮಲಾ ಕಾಲಿಗೆರಗಿ, ಗಂಟನ್ನು ತೆಗೆದುಕೊಂಡು ಹತ್ತಿ ಕೂತಳು. ಗಾಡಿ ಇನ್ನೂ ಅಲುಗಿರಲಿಲ್ಲ. ಅವಳು ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಸೂಗಮ್ಮನ ಕೈ ಹಿಡಿದುಕೊಂಡು ಕೇಳಿದಳು:

“ಅಮ್ಮ, ಆವತ್ತು ಫೋನಿನಲ್ಲಿ ನೀರು ಎಣ್ಣೆಯ ಹಾಗೆ ಮಲಗಿದೆ ಅಂದಾಗ, ನಿಮಗೂ ನಾನು ತಪ್ಪಿದೆ ಅಂತಲೇ ಅನ್ನಿಸಿತ್ತಾ? ನಿಜ ಹೇಳಿ.”

“ಅನ್ನಿಸಿತ್ತು ತಂಗಿ, ನಿನಗ ಊರಿಗೆ ಎಷ್ಟು ರೊಟ್ಟಿ ಕಟ್ಟಬೇಕಂತ ಆವತ್ತ ಎಣಿಸಿದ್ದೆ,” ಎಂದಳು ಸೂಗಮ್ಮ, ಕೈ ಬಿಡದೆ.